ಚಿಹ್ನೆ ಇಲ್ಲದ ಚುನಾವಣೆ, ಪಕ್ಷ ತುಂಬಿದ ಗ್ರಾಮಸಭೆ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಆದರೆ ಗ್ರಾಮಸಭೆಯಲ್ಲಿ ಎಡಗಡೆ ಒಂದು ಪಕ್ಷದವರು ಕೂರುತ್ತಾರೆ, ಬಲಗಡೆ ಇನ್ನೊಂದು ಪಕ್ಷದವರು. ಒಣಕಸ ವಿಂಗಡಿಸುವ ಘಟಕಕ್ಕೆ ಜಾಗ ಗುರುತಿಸುವ ವಿಷಯ ಬಂದಾಗ ಪರ-ವಿರೋಧ ಎಲ್ಲವೂ ಪ್ರಸ್ತಾಪ ಮಾಡಿದವರು ಯಾರು ಎಂಬುದರ ಮೇಲೇ ನಿಂತಿತು. ನಾನು ಇಲಾಖೆಯ ಕಾಗದಪತ್ರ ತಂದು ಅರ್ಧ ಗಂಟೆ ಓದಿ ಹೇಳಿದೆ. ಜಗಳ ಇನ್ನೂ ಜೋರಾಯಿತು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಷಯದಲ್ಲಿ ಮಾತ್ರ ಎರಡೂ ಕಡೆಯವರದು ಒಂದೇ ಮಾತು: ಬೇಡ. ಅಲ್ಲಿ ಚರ್ಚೆಯೇ ಆಗಲಿಲ್ಲ. ಚರ್ಚೆಯಿಂದ ಜನರ ಅಭಿಪ್ರಾಯ ನಿಜಕ್ಕೂ ಬದಲಾಗುತ್ತದೆಯೇ? ಆಗುವುದಾದರೆ ಸಭೆಯನ್ನು ಹೇಗೆ ನಡೆಸಬೇಕು? ನಾನು ಯಾವ ಪಕ್ಷದ ಕಡೆಯವಳು ಎನ್ನುವುದು ಊರಿಗೆಲ್ಲ ಗೊತ್ತು. ಅದನ್ನು ಮುಚ್ಚಿಟ್ಟುಕೊಳ್ಳಬೇಕೆ?

ಉತ್ತರ: ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಇರುವ ಅಭಿಪ್ರಾಯ ಚರ್ಚೆಯಿಂದ ಬದಲಾಗುತ್ತದೆ. ಪಕ್ಷನಿಷ್ಠೆ ಒಂದು ಮಧ್ಯಾಹ್ನದ ಸಭೆಯಲ್ಲಿ ಬದಲಾಗುವುದಿಲ್ಲ, ಬದಲಾಗಲೇಬೇಕು ಎಂದೂ ಇಲ್ಲ. ನಿಮ್ಮ ಸಭೆ ಹಾಳಾದದ್ದಕ್ಕೆ ಮಾಹಿತಿಯ ಕೊರತೆ ಕಾರಣವಲ್ಲ. ನೀವು ಕಾಗದ ಬಿಚ್ಚುವುದಕ್ಕೆ ಮುಂಚೆಯೇ "ಇದು ಇಂಥವರ ಕಡೆಯಿಂದ ಬಂದದ್ದು" ಎಂಬ ಸುದ್ದಿ ಊರಲ್ಲಿ ಒಂದು ಸುತ್ತು ಹಾಕಿ ಮುಗಿದಿತ್ತು. ವಿಷಯ ಮೊದಲು ತಲುಪಿತೋ, ಅದರ ಮೇಲಿನ ಪಕ್ಷದ ಮುದ್ರೆ ಮೊದಲು ತಲುಪಿತೋ ಎಂಬುದೇ ಮುಂದಿನ ಮಾತನ್ನೆಲ್ಲ ನಿರ್ಧರಿಸುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಮನಶ್ಶಾಸ್ತ್ರಜ್ಞ ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮುಂದೆ ಬಡವರಿಗೆ ನೆರವು ಕೊಡುವ ಎರಡು ಯೋಜನೆಗಳನ್ನು ಇಟ್ಟರು. ಒಂದು ಕೈಬಿಚ್ಚಿ ಕೊಡುವಂಥದ್ದು, ಇನ್ನೊಂದು ತೀರಾ ಬಿಗಿಯಾದದ್ದು. ಪಕ್ಷದ ಹೆಸರು ಹೇಳದೆ ಕೊಟ್ಟಾಗ ಉದಾರವಾದಿಗಳು ಮೊದಲನೆಯದನ್ನೂ ಸಂಪ್ರದಾಯವಾದಿಗಳು ಎರಡನೆಯದನ್ನೂ ಮೆಚ್ಚಿದರು. "ಇದನ್ನು ನಿಮ್ಮ ಪಕ್ಷ ಬೆಂಬಲಿಸಿದೆ" ಎಂದು ಒಂದು ಸಾಲು ಸೇರಿಸಿದ್ದೇ ತಡ, ಯೋಜನೆಯ ಒಳಗೇನಿದೆ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಪಕ್ಷ ಹೇಳಿದ್ದೇ ಸರಿ ಎಂದಾಯಿತು. ಅದಕ್ಕಿಂತ ಸ್ವಾರಸ್ಯದ ಸಂಗತಿ, ತಾವು ಯೋಜನೆಯ ವಿವರ ನೋಡಿಯೇ ನಿರ್ಧರಿಸಿದ್ದೇವೆ ಎಂದು ಅವರೆಲ್ಲ ಪ್ರಾಮಾಣಿಕವಾಗಿ ನಂಬಿದ್ದರು. ಪಕ್ಷ ನೋಡಿ ನಿರ್ಧರಿಸುವುದು ಎದುರಿನವರ ಚಾಳಿ ಎಂಬುದು ಎಲ್ಲರ ಅಭಿಪ್ರಾಯ.

ಓದಿದವರಿಗೆ, ಲೆಕ್ಕ ಬಲ್ಲವರಿಗೆ ಈ ತೊಂದರೆ ಇರುವುದಿಲ್ಲ ಎಂದುಕೊಳ್ಳಬೇಡಿ. ಸಂಶೋಧಕ ಡ್ಯಾನ್ ಕಹಾನ್ ಮತ್ತು ಸಂಗಡಿಗರು ಅಮೆರಿಕದ 1,111 ಜನರಿಗೆ ಒಂದೇ ಅಂಕಿಗಳ ಕೋಷ್ಟಕ ಕೊಟ್ಟರು. ಕೆಲವರಿಗೆ ಅದು ಚರ್ಮದ ಮುಲಾಮಿನ ಪರೀಕ್ಷೆಯ ಅಂಕಿಗಳು, ಇನ್ನು ಕೆಲವರಿಗೆ ಬಂದೂಕು ನಿಯಂತ್ರಣದ ಅಂಕಿಗಳು. ಮುಲಾಮಿನ ಲೆಕ್ಕದಲ್ಲಿ ಗಣಿತ ಬಲ್ಲವರು ಸರಿಯುತ್ತರ ಕೊಟ್ಟರು. ಬಂದೂಕಿನ ಲೆಕ್ಕದಲ್ಲಿ ಅದೇ ಗಣಿತ ಬಲ್ಲವರು ತಮ್ಮ ಕಡೆಗೆ ಅನುಕೂಲವಾದಾಗ ಸರಿಯಾಗಿ, ಅಲ್ಲದಾಗ ತಪ್ಪಾಗಿ ಓದಿದರು. ಎರಡು ಬಣಗಳ ನಡುವಿನ ಅಂತರ ಲೆಕ್ಕ ಬಾರದವರಿಗಿಂತ ಇವರಲ್ಲೇ ಹೆಚ್ಚು. ಸಭೆಯಲ್ಲಿ ನೀವು ಓದಿದ ಅರ್ಧ ಗಂಟೆಯ ಕಾಗದವೂ ಹೀಗೇ ಎರಡೂ ಕಡೆಯ ಚುರುಕು ಜನರಿಗೆ ತಲಾ ನಾಲ್ಕು ಹೊಸ ಅಸ್ತ್ರ ಒದಗಿಸಿತು ಅಷ್ಟೆ.

ಹಾಗೆಂದು ಪಕ್ಷ ನೋಡಿ ಅಭಿಪ್ರಾಯ ರೂಪಿಸಿಕೊಳ್ಳುವುದನ್ನು ದಡ್ಡತನ ಎನ್ನುವಂತಿಲ್ಲ. ಬೆಳಗಾದರೆ ತೋಟ, ಕೊಟ್ಟಿಗೆ, ಡೇರಿಗೆ ಹಾಲು, ಮಕ್ಕಳ ಬಸ್ಸು ಎಂದು ಓಡುವವರು ಪ್ರತಿ ಯೋಜನೆಯ ಕಡತ ಓದಲು ಸಾಧ್ಯವೇ? ನಂಬುವ ಒಬ್ಬರು ಏನು ಹೇಳುತ್ತಾರೆ ಎಂದು ನೋಡಿ ಮುಂದೆ ಹೋಗುತ್ತಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೂಡ ತನಗೆ ಗೊತ್ತಿಲ್ಲದ ವಿಷಯದಲ್ಲಿ ಮಾಡುವುದು ಅದನ್ನೇ.

ಇಲ್ಲಿ ಶಿವಮೊಗ್ಗ ಸೀಮೆಯ ಒಂದು ವಿಶೇಷವನ್ನೂ ಗಮನಿಸಬೇಕು. ಹೊರದೇಶದ ಅಧ್ಯಯನಗಳು ಪಕ್ಷನಿಷ್ಠೆಯನ್ನು ಚಿಕ್ಕಂದಿನಲ್ಲಿ ಅಂಟಿ ಕೊನೆಯವರೆಗೆ ಉಳಿಯುವ ಗುರುತೆಂದು ನೋಡುತ್ತವೆ. ನಮ್ಮಲ್ಲಿ ಎಸ್. ಬಂಗಾರಪ್ಪನವರು ಶಿವಮೊಗ್ಗ ಲೋಕಸಭಾ ಕ್ಷೇತ್ರವನ್ನು 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್‌ನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ಹತ್ತು ವರ್ಷದೊಳಗೆ ನಾಲ್ಕು ಚಿಹ್ನೆ. ಆ ಮತದಾರರಿಗೆ ನಿಷ್ಠೆ ಇರಲಿಲ್ಲ ಎನ್ನಲಾದೀತೆ? ಇತ್ತು, ಅದು ಒಬ್ಬ ವ್ಯಕ್ತಿಯ ಮೇಲೆ, ಆ ವ್ಯಕ್ತಿಯ ಮೂಲಕ ಸಿಗುವ ಆಸರೆಯ ಮೇಲೆ, ಸಮುದಾಯದ ಮಾನದ ಮೇಲೆ ಇತ್ತು. (1998ರಲ್ಲಿ ಮತ್ತು 2009ರಲ್ಲಿ ಅವರು ಸೋತರು ಎಂಬುದನ್ನೂ ಮರೆಯುವಂತಿಲ್ಲ. ನಿಷ್ಠೆಗೂ ಮಿತಿ ಇದೆ.) ನಿಮ್ಮ ಸಭೆಯ ಎಡ-ಬಲಗಳನ್ನೂ ಈ ಕಣ್ಣಿಂದ ನೋಡಿ. ಸಿದ್ಧಾಂತ ನೋಡಿ ಆ ಕಡೆ ಕೂತವರು ಕಡಿಮೆ. ಬಗರ್‌ಹುಕುಂ ಅರ್ಜಿಗೆ ಯಾರು ಓಡಾಡಿದರು, ಸೊಸೈಟಿ ಸಾಲಕ್ಕೆ ಯಾರು ಜಾಮೀನು ನಿಂತರು, ರಾತ್ರಿ ಆಸ್ಪತ್ರೆಗೆ ಯಾರ ಜೀಪು ಬಂತು ಎಂಬ ಲೆಕ್ಕದಲ್ಲಿ ಕೂತವರೇ ಹೆಚ್ಚು. ಇಂಥ ನಿಷ್ಠೆ ಕಸದ ಘಟಕದ ವಿಷಯದಲ್ಲಿ ಸಡಿಲವಾಗಬಲ್ಲದು. ಆದರೆ ಸಡಿಲವಾದದ್ದು ದ್ರೋಹದಂತೆ ಕಾಣಬಾರದು.

ಪಕ್ಷವೇ ರೋಗ ಎನ್ನುವವರ ಮಾತನ್ನೂ ಅಷ್ಟು ಬೇಗ ಒಪ್ಪಬೇಡಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಶುರುವಾದ ಜಗಳ ಒಂದು ಊರಿನ ತಕರಾರಾಗಿಯೇ ಸತ್ತುಹೋಗಬಹುದಿತ್ತು. ಸಮಾಜವಾದಿ ಪಕ್ಷ ಅದನ್ನು ಎತ್ತಿಕೊಂಡಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಮರುವರ್ಷ ಶಾಂತವೇರಿ ಗೋಪಾಲಗೌಡರು ಶಾಸಕರಾದರು. ಗೇಣಿದಾರನ ಹಕ್ಕು ಎಂಬ ನಂಬಿಕೆ ಎರಡು ದಶಕ ಜೀವಂತವಾಗಿ ಉಳಿದು, ದೇವರಾಜ ಅರಸು ಕಾಲದ ಭೂಸುಧಾರಣಾ ತಿದ್ದುಪಡಿಯಾಗಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಚದುರಿದ ಸಂಕಟಗಳನ್ನು ಒಂದು ಬೇಡಿಕೆಯಾಗಿ ಕಟ್ಟಿ ಅಷ್ಟು ವರ್ಷ ಹೊತ್ತು ನಡೆಯಲು ಪಕ್ಷದಂಥ ಸಂಘಟನೆ ಬೇಕೇ ಬೇಕು. ಕಸದ ಘಟಕದ ಜಾಗಕ್ಕೆ ಬೇಡ.

ಕಾನೂನು ನಿಮಗೆ ಕೊಟ್ಟಿರುವ ಒಂದು ಸ್ವಾತಂತ್ರ್ಯವೂ ಇದೆ. ಶಾಸಕರಿಗೆ 1985ರ ಪಕ್ಷಾಂತರ ನಿಷೇಧದ ಭಯ ಇದೆ, ಹೀಗೇ ಮತ ಹಾಕಬೇಕು ಎಂಬ ಪಕ್ಷದ ಆದೇಶ, ಅಂದರೆ ವಿಪ್ ಇದೆ. ಗ್ರಾಮ ಪಂಚಾಯಿತಿ ಸದಸ್ಯರಿಗೆ ವಿಪ್ ಇಲ್ಲ, ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಪಕ್ಷವೇ ಇಲ್ಲ. "ನಮ್ಮವರ" ಪ್ರಸ್ತಾಪದ ವಿರುದ್ಧ ಕೈ ಎತ್ತಿದರೆ ಮನಸ್ತಾಪ ಬರಬಹುದು, ಸದಸ್ಯತ್ವ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಹೆದರಿ ಕೂತ ಸದಸ್ಯರು ಎರಡೂ ಕಡೆ ಇರುತ್ತಾರೆ; ಸಭೆಗೆ ಮೊದಲು ಹೇಳಿ ನೋಡಿ.

ಈಗ ಜಗಳದ ಒಳಗೆ ಬರೋಣ. ಘಟಕದ ವಿಷಯದಲ್ಲಿ ಮೂರು ಬೇರೆ ಬೇರೆ ಜಗಳ ಒಂದೇ ದನಿಯಲ್ಲಿ ಕೇಳುತ್ತಿವೆ. ಬಾವಿ ನೀರು ಕೆಡುತ್ತದೆಯೇ ಎಂಬುದು ಸಂಗತಿಯ ಪ್ರಶ್ನೆ. ಗಾಡಿಗಳು ಯಾರ ಮನೆಯ ಮುಂದೆ ಓಡಾಡಬೇಕು ಎಂಬುದು ಲಾಭ-ನಷ್ಟದ ಪ್ರಶ್ನೆ. ಇದನ್ನು ತಂದವರನ್ನು ನಂಬಬಹುದೇ ಎಂಬುದು ಮೂರನೆಯದು. ಸಂಗತಿಗೆ ಪರೀಕ್ಷೆ ಇದೆ, ಲಾಭ-ನಷ್ಟಕ್ಕೆ ಚೌಕಾಶಿ ಇದೆ, ನಂಬಿಕೆಗೆ ಷರತ್ತು ಮತ್ತು ಕಾಲ ಬೇಕು. ಎಲ್ಲದಕ್ಕೂ ಕಾಗದ ಓದುವುದೇ ಉತ್ತರವೆಂದು ಹೊರಟರೆ ಎರಡು ಪ್ರಶ್ನೆ ಹಾಗೆಯೇ ಉಳಿಯುತ್ತವೆ. ಸಭೆಗೆ ಮುಂಚಿನ ವಾರ ಆ ಜಾಗದ ಸುತ್ತಲಿನ ಹತ್ತು-ಹನ್ನೆರಡು ಮನೆಗೆ ಹೋಗಿ, ಏನನ್ನೂ ವಿವರಿಸದೆ, "ಇದು ಬಂದರೆ ನಿಮಗೆ ಏನಾಗುತ್ತದೆ ಅಂತ ಅನಿಸುತ್ತದೆ?" ಎಂದಷ್ಟೇ ಕೇಳಿ ಬರೆದುಕೊಳ್ಳಿ. ಯಾವ ಜಗಳ ಎಷ್ಟು ದೊಡ್ಡದು ಎಂಬುದು ಆಗ ತಿಳಿಯುತ್ತದೆ. ಬಹಳ ಸಲ "ನೀರು ಕೆಡುತ್ತದೆ" ಎನ್ನುವವರ ಮನಸ್ಸಿನಲ್ಲಿ ಇರುವುದು ಹಸಿ ಕಸ ಕೊಳೆತು ರಸ ಇಳಿಯುವ ಗುಂಡಿಯ ಚಿತ್ರ. ಒಣ ಪ್ಲಾಸ್ಟಿಕ್, ರಟ್ಟು, ಬಾಟಲಿ ಮಾತ್ರ ಬರುವ, ಮಾಡು ಮತ್ತು ಗಟ್ಟಿ ನೆಲ ಇರುವ ಶೆಡ್ಡು ಬೇರೆ ವಸ್ತು. ಆದರೆ ನಮ್ಮ ಮಳೆಯಲ್ಲಿ ಆ ಶೆಡ್ಡಿನ ಹೊರಗೆ ರಾಶಿ ಬಿದ್ದರೆ ಎರಡಕ್ಕೂ ವ್ಯತ್ಯಾಸ ಉಳಿಯುವುದಿಲ್ಲ ಎಂಬ ಅವರ ಮಾತಿನಲ್ಲೂ ಹುರುಳಿದೆ.

ಪರಿಸರ ಸೂಕ್ಷ್ಮ ಪ್ರದೇಶದ ವಿಷಯ ಇದಕ್ಕೆ ತಿರುಗುಮುರುಗು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಕಳವಳದ್ದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. 2014ರ ಮಾರ್ಚ್ 10ರಿಂದ ಕರಡು ಅಧಿಸೂಚನೆಗಳು ಬರುತ್ತಲೇ ಇವೆ, ಆರನೆಯದು 2024ರ ಜುಲೈ 31ರದ್ದು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಕರಡಿನಲ್ಲಿ ನಿಷೇಧವೆಂದು ಇರುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡ, 50 ಹೆಕ್ಟೇರಿಗೆ ಮೇಲ್ಪಟ್ಟ ಬಡಾವಣೆಯಂಥವು. ಊರಲ್ಲಿ ಓಡಾಡುವ ಮಾತು ಬೇರೆ: ಅಡಿಕೆ ಹಾಕುವಂತಿಲ್ಲ, ಮನೆ ಹೆಂಚು ಬದಲಿಸುವಂತಿಲ್ಲ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ಕಾಲಿಡುವಂತಿಲ್ಲ.

"ಇದೆಲ್ಲ ಸುಳ್ಳು, ಕರಡು ಓದಿ" ಎಂದರೆ ಯಾರೂ ಒಪ್ಪುವುದಿಲ್ಲ, ಕಾರಣವೂ ಇದೆ. ಜನ ಹೇಳುತ್ತಿರುವುದು ಕಾಗದದಲ್ಲಿ ಏನಿದೆ ಎಂದಲ್ಲ, ಇಲಾಖೆ ನಾಳೆ ಹೇಗೆ ನಡೆದುಕೊಳ್ಳುತ್ತದೆ ಎಂದು. 1964ರ ಲಿಂಗನಮಕ್ಕಿ ಜಲಾಶಯಕ್ಕೆ ಮನೆ-ಗದ್ದೆ ಬಿಟ್ಟು ಬಂದ ಶರಾವತಿ ಸಂತ್ರಸ್ತರ ಭೂಮಿ ಹಕ್ಕಿನ ಕಡತ ಮೊಮ್ಮಕ್ಕಳ ಕಾಲಕ್ಕೂ ಮುಗಿಯದಿರುವುದನ್ನು ಕಂಡ ಜಿಲ್ಲೆ ಇದು. ಆ ಅನುಭವದಿಂದ ಹುಟ್ಟಿದ ಊಹೆಯನ್ನು ಅಧಿಸೂಚನೆಯ ಯಾವ ಕಲಮೂ ಅಳಿಸಲಾರದು. ಆದರೆ ಎಲ್ಲ ಪಕ್ಷಗಳೂ ಒಂದೇ ಕಡೆ ನಿಂತದ್ದರಿಂದ ಆ ಊಹೆಯಲ್ಲಿ ಎಷ್ಟು ನಿಜ, ಎಷ್ಟು ಉಬ್ಬು ಎಂದು ತಟ್ಟಿ ನೋಡುವವರೇ ಇಲ್ಲವಾದರು. ಎರಡು ಪಕ್ಷ ಇದ್ದರೆ ಒಂದು ಇನ್ನೊಂದರ ಸುಳ್ಳನ್ನಾದರೂ ಹಿಡಿಯುತ್ತದೆ. ಒಮ್ಮತದಲ್ಲಿ ಆ ಕಾವಲೂ ಇಲ್ಲ. ಇಂಥ ವಿಷಯ ಮತ್ತೆ ಬಂದಾಗ "ವಿರೋಧವೇ, ಪರವೇ" ಎಂದು ಕೇಳುವ ಬದಲು "ಯಾವ ಕಲಮು ಯಾವ ಕೆಲಸಕ್ಕೆ ಅಡ್ಡ ಬರುತ್ತದೆ? ಯಾವ ಖಾತರಿ ಲಿಖಿತವಾಗಿ ಸಿಕ್ಕರೆ ಒಪ್ಪಬಹುದು?" ಎಂದು ಕೇಳಿ. ಬರೀ "ಗ್ರಾಮಸಭೆ ಇದನ್ನು ತಿರಸ್ಕರಿಸುತ್ತದೆ" ಎಂಬ ಠರಾವಿಗಿಂತ ಹೀಗೆ ಕಲಮುವಾರು ಬರೆದ ಆಕ್ಷೇಪಣೆಗೆ ತೂಕ ಜಾಸ್ತಿ. ಕರಡಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ಹೊಸ ಕರಡು ಬಂದರೆ ಆ ಅವಧಿಯೊಳಗೇ ಸಭೆ ಸೇರಿಸಿ.

ಒಂದೇ ಮನಸ್ಸಿನವರು ತಮ್ಮತಮ್ಮಲ್ಲೇ ಚರ್ಚಿಸಿದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. 2005ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಎರಡು ಊರಿನ ಜನರನ್ನು, ಒಂದು ಎಡದ ಕಡೆ ವಾಲಿದ್ದು, ಇನ್ನೊಂದು ಬಲದ ಕಡೆ, ಅವರವರ ಊರಿನವರೊಂದಿಗೇ ಐದಾರು ಜನರ ಗುಂಪು ಮಾಡಿ ಕೂರಿಸಿದರು. ಮಾತು ಮುಗಿಯುವಷ್ಟರಲ್ಲಿ ಎಡದವರು ಇನ್ನಷ್ಟು ಎಡಕ್ಕೆ, ಬಲದವರು ಇನ್ನಷ್ಟು ಬಲಕ್ಕೆ ಹೋಗಿದ್ದರು; ಗುಂಪಿನೊಳಗೆ ಮೊದಲಿದ್ದ ಸಣ್ಣ ಭಿನ್ನಾಭಿಪ್ರಾಯಗಳೂ ಮಾಯವಾಗಿದ್ದವು. ಗ್ರಾಮಸಭೆಯ ಹಿಂದಿನ ರಾತ್ರಿ ಮುಖಂಡರ ಜಗಲಿಯಲ್ಲಿ ನಡೆಯುವ "ಪೂರ್ವಭಾವಿ ಸಭೆ"ಯೂ ವಾಟ್ಸ್ಆ್ಯಪ್ ಗುಂಪೂ ಮಾಡುವುದು ಇದನ್ನೇ. ಅವನ್ನು ನಿಲ್ಲಿಸಲಾರಿರಿ. ಅವುಗಳಿಗಿಂತ ಮೊದಲು ಬೆರಕೆ ಗುಂಪುಗಳಲ್ಲಿ ಮಾತು ಶುರುವಾಗುವಂತೆ ನೋಡಿಕೊಳ್ಳಬಹುದು.

ಹಾಗೆ ಬೆರೆಸಿ ಕೂರಿಸಿದ ಕಡೆ ಫಲಿತಾಂಶ ಬೇರೆ. ಜೇಮ್ಸ್ ಫಿಶ್ಕಿನ್ ರೂಪಿಸಿದ ಪದ್ಧತಿಯಂತೆ ಅಮೆರಿಕದ ಟೆಕ್ಸಸ್‌ನಲ್ಲಿ 1996-98ರ ನಡುವೆ ವಿದ್ಯುತ್ ಕಂಪನಿಗಳು ಚೀಟಿ ಎತ್ತಿ ಆರಿಸಿದ ಗ್ರಾಹಕರನ್ನು ವಾರಾಂತ್ಯ ಪೂರ್ತಿ ಕೂರಿಸಿದವು. ಗಾಳಿ-ಬಿಸಿಲಿನ ವಿದ್ಯುತ್ತಿಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಡಲು ಸಿದ್ಧರಿದ್ದವರು ಸರಾಸರಿ ಶೇ. 52ರಿಂದ ಶೇ. 84ಕ್ಕೆ ಏರಿದರು. ಐರ್ಲೆಂಡಿನಲ್ಲಿ 2016ರಿಂದ 99 ಸಾಮಾನ್ಯ ನಾಗರಿಕರು ಒಬ್ಬ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಗರ್ಭಪಾತದಂಥ ಸುಡುವ ವಿಷಯವನ್ನು ತಿಂಗಳುಗಟ್ಟಲೆ ಚರ್ಚಿಸಿ ಶಿಫಾರಸು ಕೊಟ್ಟರು. 2018ರ ಮೇ ಜನಮತಗಣನೆಯಲ್ಲಿ ಶೇ. 66.4 ಜನ ಒಪ್ಪಿದರು. ಎರಡೂ ಕಡೆ ಸದಸ್ಯರನ್ನು ಆರಿಸಿದ್ದು ಪಕ್ಷಗಳಲ್ಲ. ಕೊಟ್ಟ ಮಾಹಿತಿಯಲ್ಲಿ ಎಲ್ಲ ಕಡೆಯ ವಾದಕ್ಕೂ ಜಾಗ ಇತ್ತು, ಮಾತು ಸಣ್ಣ ಗುಂಪಿನಲ್ಲಿ ನಡೆಯಿತು, ಕೊನೆಯ ಅಭಿಪ್ರಾಯ ಗುಟ್ಟಾಗಿ ಬಿತ್ತು.

ನಿಮ್ಮ ಪಂಚಾಯಿತಿಗೆ ಇದನ್ನು ಇಳಿಸುವುದು ಕಷ್ಟವಲ್ಲ. ಮೊದಲು ಕಾನೂನಿನ ಚೌಕಟ್ಟು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ವಾರ್ಡ್ ಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಸಂಖ್ಯೆ), ಬಂದವರಲ್ಲಿ ಶೇ. 30ಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು ಇರಬೇಕು. ನಾನು ಹೇಳುವ, ಚೀಟಿ ಎತ್ತಿ ಆರಿಸಿದ ಗುಂಪು ಇವಕ್ಕೆ ಬದಲಿಯಲ್ಲ. ಅದು ಸಲಹೆ ಕೊಡುವ ಗುಂಪು, ಠರಾವು ಮಾಡುವ ಅಧಿಕಾರ ಸಭೆಯದ್ದೇ. ಇದನ್ನು ಮೊದಲೇ ಬರೆದು ಹಚ್ಚಿ, ಇಲ್ಲದಿದ್ದರೆ "ನಮ್ಮ ಹಕ್ಕು ಕಿತ್ತುಕೊಂಡರು" ಎಂಬ ಹೊಸ ಜಗಳ ಹುಟ್ಟುತ್ತದೆ.

ಪಂಚಾಯಿತಿಯಲ್ಲಿ 4,200 ಮತದಾರರು ಇದ್ದಾರೆ ಎಂದಿಟ್ಟುಕೊಳ್ಳಿ. ಕೊನೆಗೆ 32 ಜನ ಕೂರಬೇಕು, ಕರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದಿಲ್ಲ ಎಂಬ ಅಂದಾಜಿನಲ್ಲಿ 70 ಹೆಸರು ತೆಗೆಯಿರಿ: 4,200ನ್ನು 70ರಿಂದ ಭಾಗಿಸಿದರೆ 60. ಒಂದರಿಂದ 60ರವರೆಗೆ ಚೀಟಿ ಬರೆದು ಶಾಲೆಯ ಮಗುವಿನ ಕೈಲಿ ಎಲ್ಲರೆದುರು ಒಂದು ಎತ್ತಿಸಿ. 17 ಬಂದರೆ ವಾರ್ಡುವಾರು ಮತದಾರರ ಪಟ್ಟಿಯಲ್ಲಿ 17, 77, 137, ಹೀಗೆ ಅರವತ್ತಕ್ಕೊಂದು ಹೆಸರು. ಪಟ್ಟಿ ಮನೆಯ ಸಾಲಿನಲ್ಲೇ ಇರುವುದರಿಂದ ಎಲ್ಲ ವಾರ್ಡುಗಳೂ ತಾವಾಗಿ ಬರುತ್ತವೆ, ಹೆಂಗಸರು ಸುಮಾರು ಅರ್ಧ ಇರುತ್ತಾರೆ. ಒಪ್ಪಿದವರಲ್ಲಿ 16 ಹೆಂಗಸರು ಇರುವಂತೆ, ಪರಿಶಿಷ್ಟ ಜಾತಿ-ಪಂಗಡದವರು ಊರಿನ ಪ್ರಮಾಣದಲ್ಲಿ ಇರುವಂತೆ ನೋಡಿ. ಬಾರದವರ ಬದಲಿಗೆ ಅದೇ ವಾರ್ಡಿನ ಮುಂದಿನ ಹೆಸರು. "ಅವರು ಬೇಡ, ಇವರು ಚೆನ್ನಾಗಿ ಮಾತಾಡುತ್ತಾರೆ" ಎಂಬ ಸಲಹೆ ಖಂಡಿತ ಬರುತ್ತದೆ. ಒಂದು ಬದಲಾವಣೆಗೆ ಒಪ್ಪಿದರೂ ಚೀಟಿಯ ಮೇಲಿನ ನಂಬಿಕೆ ಹೋಯಿತು.

ಕಾಲ ನೋಡಿ ದಿನ ಇಡಿ. ಆಷಾಢದ ಮಳೆಯಲ್ಲಿ ಹಳ್ಳ ದಾಟಿ ಯಾರೂ ಬರುವುದಿಲ್ಲ, ಕೊನೆಕೊಯ್ಲಿನ ಹೊತ್ತಿನಲ್ಲಿ ಗಂಡಸರು ತೋಟದಲ್ಲಿ, ಹೆಂಗಸರು ಅಡಿಕೆ ಸುಲಿಯುವ ಕಡೆ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು, ಸಂತೆ ದಿನ ಬಿಟ್ಟು. ದಿನಗೂಲಿಯವರಿಗೆ ಒಂದು ದಿನದ ಕೂಲಿಯ ನಷ್ಟ ನಿಜವಾದ ನಷ್ಟ. ಪಂಚಾಯಿತಿಯ ಸ್ವಂತ ನಿಧಿಯಿಂದ ಕೊಡಲು ಆಗುತ್ತದೆಯೇ ಎಂದು ಪಿಡಿಒ ಹತ್ತಿರ ಮೊದಲೇ ಕೇಳಿ. ಊಟ, ಬಸ್ ಚಾರ್ಜು ಅಂತೂ ಬೇಕೇ ಬೇಕು. ಇಲ್ಲದಿದ್ದರೆ ಬರುವುದು ಬಿಡುವಿರುವವರು ಮಾತ್ರ.

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು, ಹೆಚ್ಚು ಫಲ ಕೊಡುವುದು ಎರಡು ಪುಟದ ಮಾಹಿತಿ ಪತ್ರ. ಅಚ್ಚಿಗೆ ಹೋಗುವ ಮೊದಲು ಪರ-ವಿರೋಧ ಎರಡೂ ಕಡೆಯ ಒಬ್ಬೊಬ್ಬರು ಓದಿ ಸಹಿ ಹಾಕಬೇಕು. ಮೊದಲ ಪುಟದಲ್ಲಿ ಇಬ್ಬರೂ ಒಪ್ಪುವ ಸಂಗತಿ: ವಾರಕ್ಕೆ ಎಷ್ಟು ಕಸ, ಈಗ ಎಲ್ಲಿ ಬೀಳುತ್ತಿದೆ, ಶೆಡ್ಡಿನ ಅಳತೆ, ಹತ್ತಿರದ ಬಾವಿಗೆ ಎಷ್ಟು ಮೀಟರ್, ಮನೆಗೆ ತಿಂಗಳಿಗೆ ಎಷ್ಟು ಶುಲ್ಕ. ಎರಡನೆಯದರಲ್ಲಿ ಒಪ್ಪದ ಸಂಗತಿಗಳು, ಎರಡೂ ಕಡೆಯ ಮಾತು ಎದುರುಬದುರು. ಕಡಿಮೆಯೆಂದರೆ ಮೂರು ಆಯ್ಕೆ ಇರಲಿ. ಅದರಲ್ಲಿ "ಈಗ ಇದ್ದಂತೆ ಬಿಡುವುದು" ಒಂದು, ಅದರ ಖರ್ಚನ್ನೂ ಬರೆಯಿರಿ. ಯಾವ ಮುಖಂಡರ ಹೆಸರೂ ಫೋಟೊವೂ ಇರಬಾರದು. ಹತ್ತು ದಿನ ಮೊದಲು ಮನೆಮನೆಗೆ ಹಂಚಿ. ಪಕ್ಷದ ಮುದ್ರೆ ಬೀಳುವ ಮೊದಲು ವಿಷಯ ತಲುಪಿಸುವ ದಾರಿ ಇದೊಂದೇ.

ಆ ದಿನ ಬೆಳಿಗ್ಗೆ ಐದು ಪ್ರಶ್ನೆಗಳ ಗುಟ್ಟಿನ ಚೀಟಿ ತುಂಬಿಸಿ. ಆಮೇಲೆ ಎಂಟೆಂಟು ಜನರ ನಾಲ್ಕು ಗುಂಪು, ಬೆರಕೆಯಾಗಿ. ಒಂದೇ ಒಂದು ಬೇರ್ಪಡಿಕೆ ಬೇಕು: ಕೆಲಸಕ್ಕೆ ಕರೆಯುವವರು ಮತ್ತು ಅವರ ಮನೆಗೆ ಕೆಲಸಕ್ಕೆ ಹೋಗುವವರು ಒಂದೇ ಗುಂಪಿನಲ್ಲಿ ಬೇಡ, ಎರಡನೆಯವರು ಬಾಯಿ ಬಿಡುವುದಿಲ್ಲ. ಗುಂಪಿಗೊಬ್ಬ ನಿರ್ವಾಹಕ, ಪಕ್ಕದ ಪಂಚಾಯಿತಿಯ ಶಿಕ್ಷಕರೋ ಸ್ವಸಹಾಯ ಸಂಘದ ಲೆಕ್ಕ ಬರೆಯುವವರೋ ಆಗಬಹುದು. ಈ ಊರಿನ ಸದಸ್ಯರು ಬೇಡ. ಮೊದಲ ಸುತ್ತು ಪ್ರತಿಯೊಬ್ಬರಿಗೂ ಎರಡು ನಿಮಿಷ, ಮಧ್ಯೆ ಉತ್ತರ ಕೊಡುವಂತಿಲ್ಲ. ಪರವೋ ವಿರೋಧವೋ ಎಂದು ಆಗ ಕೇಳಬೇಡಿ. ಏನು ಭಯ, ಏನು ಬೇಕು ಎಂದು ಕೇಳಿ. ಒಮ್ಮೆ ಬಾಯಿಬಿಟ್ಟು "ನಾನು ವಿರೋಧ" ಎಂದವರಿಗೆ ಆಮೇಲೆ ಹಿಂದೆ ಸರಿಯಲು ಮಾನದ ಪ್ರಶ್ನೆ ಬರುತ್ತದೆ. ಐವತ್ತು ನಿಮಿಷದ ಕೊನೆಗೆ ಗುಂಪಿನಿಂದ ಎರಡು ಪ್ರಶ್ನೆ. ಇಂಜಿನಿಯರ್, ಆರೋಗ್ಯ ಸಿಬ್ಬಂದಿ, ಬೇರೆ ಪಂಚಾಯಿತಿಯಲ್ಲಿ ಇಂಥ ಘಟಕ ನಡೆಸುವ ಮಹಿಳೆಯರು, ಘಟಕ ಬೇಡ ಎಂದು ವಾದಿಸುವ ತಿಳಿವಳಿಕಸ್ಥರು ಒಂದು ಗಂಟೆ ಆ ಎಂಟು ಪ್ರಶ್ನೆಗಳಿಗೆ ಮಾತ್ರ ಉತ್ತರಿಸಲಿ. ಭಾಷಣಕ್ಕೆ ಅವಕಾಶ ಕೊಟ್ಟರೆ ಇಲಾಖೆಯವರೇ ನಲವತ್ತು ನಿಮಿಷ ತಿಂದುಹಾಕುತ್ತಾರೆ. ಊಟದ ನಂತರ ಮತ್ತೆ ಗುಂಪು, ಮುಕ್ಕಾಲು ಗಂಟೆ. ಕೊನೆಗೆ ಬೆಳಗಿನ ಅದೇ ಐದು ಪ್ರಶ್ನೆ, ಮತ್ತೆ ಗುಟ್ಟಾಗಿ. ಎರಡು ಎಣಿಕೆಗಳ ವ್ಯತ್ಯಾಸವನ್ನೇ ಗ್ರಾಮಸಭೆಯ ಮುಂದೆ ಇಡುವುದು.

ಗ್ರಾಮಸಭೆ ಕೆಡುವುದು ಸಾಮಾನ್ಯವಾಗಿ ಗೊತ್ತಿರುವ ಜಾಗಗಳಲ್ಲೇ. ಗಣ್ಯರು ಮೊದಲು ಬಂದು ಹಾರ ಹಾಕಿಸಿಕೊಂಡು "ನಾವು ತಂದ ಯೋಜನೆ" ಎಂದರೆ ಅಲ್ಲಿಗೆ ಚರ್ಚೆ ಮುಗಿಯಿತು. ಅವರನ್ನು ಕೊನೆಗೆ ಕರೆಯಿರಿ. ಮೈಕು ಒಂದೇ ಇದ್ದರೆ ಅದು ಅಭ್ಯಾಸ ಇರುವ ನಾಲ್ಕು ಕೈಗಳಲ್ಲೇ ಸುತ್ತುತ್ತದೆ. ತಮಿಳುನಾಡಿನ ಗ್ರಾಮಸಭೆಗಳ ಮಾತುಕತೆಯನ್ನು ಬರೆದಿಟ್ಟು ವಿಶ್ಲೇಷಿಸಿದ ಅಧ್ಯಯನ ಹೇಳುವಂತೆ ಅಲ್ಲಿ ಹೆಂಗಸರು ಮಾತಾಡುವ ಸಂಭವ ಕಡಿಮೆ, ಅವರ ಪ್ರಶ್ನೆಗೆ ಅಧಿಕಾರಿಗಳಿಂದ ಸರಿಯಾದ ಉತ್ತರ ಸಿಗುವ ಸಂಭವವೂ ಕಡಿಮೆ; ಅಧ್ಯಕ್ಷೆ ಮಹಿಳೆಯಾಗಿದ್ದ ಕಡೆ ಅವರ ಮಾತಿಗೆ ಹೆಚ್ಚು ಸ್ಪಂದನ ಸಿಕ್ಕಿತು. ಕೈ ಎತ್ತಿಸಿ ಮತ ಕೇಳಿದರೆ ಲೆಕ್ಕಕ್ಕೆ ಸಿಗುವುದು ನಿಷ್ಠೆ. ಎಲ್ಲಕ್ಕಿಂತ ಕೆಟ್ಟ ಅಭ್ಯಾಸ, ಬಂದ ತಕ್ಷಣ ಖಾಲಿ ಪುಟಕ್ಕೆ ಸಹಿ ಹಾಕಿಸಿ ನಡಾವಳಿಯನ್ನು ಆಮೇಲೆ ಬರೆಯುವುದು. ಠರಾವನ್ನು ಜನ ಏಳುವ ಮೊದಲು ಗಟ್ಟಿಯಾಗಿ ಓದಿಸಿ, ಪರ ಎಷ್ಟು, ವಿರೋಧ ಎಷ್ಟು, ವಿರೋಧಿಸಿದವರ ಕಾರಣ ಏನು ಎಂದು ಅಲ್ಲೇ ಬರೆಸಿ.

ಗಾಳಿಸುದ್ದಿಯ ಬಗ್ಗೆ ಎರಡು ಮಾತು. ತಿದ್ದಲು ಹೋದರೆ ಜನ ಸುಳ್ಳನ್ನೇ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ ಎಂದು 2010ರ ಒಂದು ಪ್ರಸಿದ್ಧ ಅಧ್ಯಯನ ಸೂಚಿಸಿತ್ತು. ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ, 52 ವಿಷಯಗಳಲ್ಲಿ ಪರೀಕ್ಷಿಸಿದಾಗ ಹಾಗಾಗುವುದು ಬಹಳ ಅಪರೂಪ ಎಂದು ಕಂಡಿತು. ಹಾಗಾಗಿ ಹೆದರದೆ ತಿದ್ದಿ: ನಿಜವನ್ನು ಮೊದಲು ಹೇಳಿ, ಸುಳ್ಳನ್ನು ಒಂದೇ ಸಲ ಹೆಸರಿಸಿ, ಅದು ಹೇಗೆ ಹುಟ್ಟಿತು ಎಂದು ವಿವರಿಸಿ. ಆ ಸುಳ್ಳಿನಿಂದ ಯಾರ ಕಡೆಗೆ ಲಾಭವೋ ಆ ಕಡೆಯವರೇ ತಿದ್ದಿದರೆ ಅದಕ್ಕೆ ಹೆಚ್ಚು ಬೆಲೆ. ಆದರೆ ಸಂಗತಿ ತಿದ್ದಿದ ಮಾತ್ರಕ್ಕೆ ಮತ ಬದಲಾಗುತ್ತದೆ ಎಂದು ಕಾಯಬೇಡಿ. ಸುಳ್ಳು ಸುದ್ದಿ ಗುರುತಿಸುವ ತರಬೇತಿ ಶಿಬಿರಕ್ಕೆ ದುಡ್ಡು ಸುರಿಯುವುದನ್ನೂ ನಾನು ಸಲಹೆ ಮಾಡುವುದಿಲ್ಲ. 2019ರ ಚುನಾವಣೆಯ ಹೊತ್ತಿಗೆ ಬಿಹಾರದಲ್ಲಿ ಸುಮಿತ್ರಾ ಬದ್ರಿನಾಥನ್ ಮನೆಮನೆಗೆ ಒಂದು ಗಂಟೆಯ ಪಾಠ ಹೇಳಿಸಿ ನೋಡಿದರು. ಒಟ್ಟಾರೆ ಪರಿಣಾಮ ಕಾಣಲಿಲ್ಲ.

ಇಷ್ಟು ಮಾಡಿದರೂ ಒಮ್ಮತ ಬರುವುದಿಲ್ಲ. ಅದನ್ನು ಗುರಿಯಾಗಿಯೂ ಇಡಬೇಡಿ. ಸಿಗಬಹುದಾದದ್ದು ಷರತ್ತಿನ ಠರಾವು. ಉದಾಹರಣೆಗೆ: ಕೆಲಸ ಶುರುವಾಗುವ ಮೊದಲು ಸುತ್ತಲಿನ ಮೂರು ಬಾವಿಗಳ ನೀರಿನ ಪರೀಕ್ಷೆ, ಆಮೇಲೆ ಆರು ತಿಂಗಳಿಗೊಮ್ಮೆ, ಒಂದು ಮಳೆಗಾಲದ ಮುಂಚೆ, ಒಂದು ನಂತರ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಇರಲೇಬಾರದು. ಮಲೆನಾಡಿನ ತೆರೆದ ಬಾವಿಗಳಲ್ಲಿ ಕೋಲಿಫಾರ್ಮ್ ಮೊದಲೇ ಇರಬಹುದು, ಆದ್ದರಿಂದಲೇ ಮೊದಲ ಪರೀಕ್ಷೆ ಮುಖ್ಯ. ಮೊದಲಿಗಿಂತ ಕೆಟ್ಟರೆ ಘಟಕ ನಿಲ್ಲಿಸುವ ನೋಟಿಸ್ ಕೊಡುವ ಅಧಿಕಾರ ಯಾರಿಗೆ ಎಂದು ಹೆಸರಿಸಿ. ವಿರೋಧಿಸಿದವರಲ್ಲೇ ಇಬ್ಬರು ಆ ಉಸ್ತುವಾರಿ ಸಮಿತಿಯಲ್ಲಿ ಇರಲಿ. ಹಸಿ ಕಸ ಬಂದರೆ ದಂಡ, ಗಾಡಿ ಓಡಾಟ ಇಂತಿಷ್ಟು ಗಂಟೆಗೆ, ಆ ವಾರ್ಡಿನ ರಸ್ತೆಗೆ ಮುಂದಿನ ಕ್ರಿಯಾಯೋಜನೆಯಲ್ಲಿ ಮೊದಲ ಜಾಗ. "ಅವರನ್ನು ನಂಬುವುದಿಲ್ಲ" ಎನ್ನುವವರನ್ನು ನಂಬಿಸುವ ಅಗತ್ಯವೇ ಇದರಲ್ಲಿ ಇಲ್ಲ. ಅವರ ಅಪನಂಬಿಕೆಗೆ ಒಂದು ಕೆಲಸ, ಒಂದು ತಾರೀಕು ಕೊಟ್ಟಂತಾಯಿತು.

ನಿಮ್ಮ ಕೊನೆಯ ಪ್ರಶ್ನೆ: ಪಕ್ಷವನ್ನು ಮುಚ್ಚಿಡಬೇಡಿ. ಊರಿಗೆ ಗೊತ್ತಿರುವುದನ್ನು ಮುಚ್ಚಿದರೆ ಮಿಕ್ಕ ಮಾತಿನ ಮೇಲೂ ಅನುಮಾನ ಬರುತ್ತದೆ. ವಾರ್ಡ್ ಸಭೆಯ ಅಧ್ಯಕ್ಷತೆ ಕಾನೂನಿನಂತೆ ಆ ವಾರ್ಡಿನ ಸದಸ್ಯರದ್ದು, ಆದ್ದರಿಂದ ನೀವು ಆ ಕುರ್ಚಿ ಬಿಟ್ಟು ಏಳುವಂತೆಯೂ ಇಲ್ಲ. ಆರಂಭದಲ್ಲೇ "ನಾನು ಇಂಥ ಕಡೆಯವಳು, ಈ ಘಟಕದ ಪರ ಇದ್ದೇನೆ, ಹಾಗಾಗಿ ಯಾರು ಯಾವಾಗ ಮಾತಾಡಬೇಕು ಎಂಬುದನ್ನು ಇಂದು ಇವರು ನೋಡಿಕೊಳ್ಳುತ್ತಾರೆ" ಎಂದು ಹೊರಗಿನವರೊಬ್ಬರಿಗೆ ಒಪ್ಪಿಸಿ. ನೀವು ಕೊನೆಯಲ್ಲಿ, ಎಲ್ಲರಷ್ಟೇ ಎರಡು ನಿಮಿಷ ಮಾತಾಡಿ. ಅದಕ್ಕೂ ಮೊದಲು ಎದುರಿನ ಬಣದ ಸದಸ್ಯರ ಮನೆಗೆ ಮಾಹಿತಿ ಪತ್ರದ ಕರಡು ಹಿಡಿದು ನೀವೇ ಹೋಗಿ. ಫೋನಿನಲ್ಲಿ ಕಳಿಸಿದರೆ ಅದು ಅವರ ಗುಂಪಿಗೆ ಹೋಗುತ್ತದೆ, ಸಹಿ ಬರುವುದಿಲ್ಲ.